ದೆವ್ವ ಕಾಯುವ ಬಾಗಿಲು



ಧಮ್ಮಬಂಧುಗಳೇ, ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ಮೇ ರಜೆಯಲ್ಲಿ ಅಕ್ಕನ ಮಗನ ಮನೆಗೆಂದು ಟೋಕಿಯೊಗೆ ಹೋಗಿ ಬಂದದ್ದು ನಿಮಗೆಲ್ಲ ಗೊತ್ತು. ಫೋಟೊ ಹಾಕಿರಿ ಮೇಡಂ ಎಂದು ಬಹಳ ಜನ ಕೇಳಿದಿರಿ, ಹಾಕಿದ್ದೇನೆ. ಒಂದನ್ನು ಮಾತ್ರ ಹಾಕಿಲ್ಲ. ಅದು ಒಂದು ಬಾಗಿಲಿನ ಫೋಟೊ. ಬಾಗಿಲ ಒಂದು ಪಕ್ಕ ದೆವ್ವ ನಿಂತಿದೆ. ಮಾತಿಲ್ಲದೆ ಅದನ್ನು ಹಾಕಿದರೆ, ಬೌದ್ಧರ ದೇಶಕ್ಕೆ ಹೋಗಿ ದೆವ್ವದ ಫೋಟೊ ತಂದಳಲ್ಲ ಎಂದು ನೀವು ನಗುತ್ತಿದ್ದಿರಿ. ಹಾಗಾಗಿ ಬರೆಯುತ್ತಿದ್ದೇನೆ. ಉದ್ದವಾದರೆ ಕ್ಷಮೆ ಇರಲಿ. ಬೆಳಗಿನ ಚಹಾದ ಜೊತೆ ಅರ್ಧ, ಸಂಜೆಗೆ ಅರ್ಧ ಓದಿಕೊಳ್ಳಿ.

ಟೋಕಿಯೊದ ನಕಾನೊ ಎಂಬ ಭಾಗದಲ್ಲಿ ತೆತ್ಸುಗಾಕುದೊ ಎಂಬ ಉದ್ಯಾನವಿದೆ. ತೆತ್ಸುಗಾಕು ಎಂದರೆ ತತ್ವಶಾಸ್ತ್ರ, ದೊ ಎಂದರೆ ಭವನ. ಹತ್ತಿರದ ರೈಲು ನಿಲ್ದಾಣದ ಹೆಸರು ಅರಾಯ್ ಯಾಕುಶಿಮಾಯೆ. ಯಾಕುಶಿ ಎಂದರೆ ರೋಗ ವಾಸಿಮಾಡುವ ಬುದ್ಧ. ಆ ಹೆಸರಿನ ದೇವಾಲಯ ಅಲ್ಲೇ ಇದೆ. ಕಣ್ಣಿನ ತೊಂದರೆ ಇದ್ದವರು ಅಲ್ಲಿಗೆ ಹರಕೆ ಹೊತ್ತು ಬರುತ್ತಾರಂತೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ, ಹರಕೆ ಬೇಡ, ಯೋಚನೆ ಮಾಡು ಎನ್ನುವ ಈ ಉದ್ಯಾನ. ಎರಡಕ್ಕೂ ಒಂದೇ ನಿಲ್ದಾಣ. ನಮ್ಮ ಊರಿನಲ್ಲೂ ಹಾಗೇ ಅಲ್ಲವೇ, ವಿಹಾರಕ್ಕೂ ಮರಗಮ್ಮನ ಗುಡಿಗೂ ಒಂದೇ ಬಸ್ ಸ್ಟಾಪು.

ಇದನ್ನು ಕಟ್ಟಿಸಿದವರು ಇನೊವೆ ಎನ್ರಿಯೊ. ಹುಟ್ಟಿದ್ದು 1858ರಲ್ಲಿ, ಬೌದ್ಧ ದೇವಾಲಯದ ಪುರೋಹಿತರ ಮನೆಯಲ್ಲಿ. ಹಿರಿಯ ಮಗ ತಂದೆಯ ದೇವಾಲಯ ನೋಡಿಕೊಳ್ಳಬೇಕು, ಅದು ಅಲ್ಲಿಯ ರೂಢಿ. ಇವರು ಟೋಕಿಯೊ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದರು, ದೇವಾಲಯಕ್ಕೆ ಮರಳಲಿಲ್ಲ. 1887ರಲ್ಲಿ ಸಾಮಾನ್ಯ ಜನರೂ ತತ್ವಶಾಸ್ತ್ರ ಓದಲಿ ಎಂದು ಒಂದು ಶಾಲೆ ತೆರೆದರು. ಇಂದಿನ ಟೊಯೊ ವಿಶ್ವವಿದ್ಯಾಲಯ ಅದೇ. ಆಮೇಲೆ ಶಾಲೆಯ ಹೊಣೆ ಬಿಟ್ಟು ಈ ಉದ್ಯಾನಕ್ಕೆ ಕೈ ಹಾಕಿದರು. ಊರೂರು ಸುತ್ತಿ ಭಾಷಣ ಮಾಡುವುದು, ಕುಂಚದಿಂದ ಅಕ್ಷರ ಬರೆದುಕೊಡುವುದು, ಕೊಟ್ಟ ಕಾಣಿಕೆಯಿಂದ ಉದ್ಯಾನ ಕಟ್ಟುವುದು. 1919ರಲ್ಲಿ ಚೀನಾದ ದಾಲಿಯನ್‌ನಲ್ಲಿ ತೀರಿಕೊಂಡರು. ಭಾಷಣಕ್ಕೆಂದೇ ಹೋಗಿದ್ದರು.

ಉದ್ಯಾನದಲ್ಲಿ 77 ತಾಣಗಳಿವೆ, ಒಂದೊಂದಕ್ಕೂ ತತ್ವಶಾಸ್ತ್ರದ ಹೆಸರು. ಸಂಶಯದ ಕವಲು ಎಂಬಲ್ಲಿ ನಿಂತರೆ ಒಂದು ದಾರಿ ಭೌತವಾದದ ತೋಟಕ್ಕೆ ಇಳಿಯುತ್ತದೆ, ಇನ್ನೊಂದು ಚಿತ್ತವಾದದ ತೋಟಕ್ಕೆ. ಒಂದು ಏರಿಗೆ ಅನುಭವದ ಏರು ಎಂದು ಹೆಸರು. ಒಂದು ಇಕ್ಕಟ್ಟಿನ ಕಣಿವೆಗೆ ಹಟದ ನಂಬಿಕೆಯ ಕಣಿವೆ ಎಂದು. ಅರಿವಿನ ದಾರಿ ಸುತ್ತು ಬಳಸಿ ಹೋಗುತ್ತದೆ, ಅಂತಃಸ್ಫುರಣದ ದಾರಿ ಅಡ್ಡದಾರಿ. ನಾನು ಮೊಣಕಾಲು ನೋವಿನವಳು, ಅಡ್ಡದಾರಿಯಲ್ಲೇ ಹೋದೆ. ತತ್ವಶಾಸ್ತ್ರ ಎಂದು ಹೆದರಬೇಡಿ. ಪಕ್ಕದಲ್ಲೇ ಹುಡುಗರು ಬೇಸ್‌ಬಾಲ್ ಆಡುತ್ತಿದ್ದರು, ಮುದುಕರು ನಾಯಿ ಹಿಡಿದು ತಿರುಗಾಡುತ್ತಿದ್ದರು, ಕೆಳಗೆ ಮ್ಯೋಶೋಜಿ ಎಂಬ ಸಣ್ಣ ನದಿ. 2020ರಲ್ಲಿ ಜಪಾನ್ ಸರ್ಕಾರ ಇದನ್ನು ರಾಷ್ಟ್ರೀಯ ಮಹತ್ವದ ರಮ್ಯಸ್ಥಳ ಎಂದು ಘೋಷಿಸಿದೆ. ಟಿಕೆಟ್ ಇಲ್ಲ.

ಬೆಟ್ಟದ ಮೇಲೆ ನಾಲ್ವರು ಮಹಾತ್ಮರ ಭವನವಿದೆ. 1904ರಲ್ಲಿ ಕಟ್ಟಿದ್ದು. ಆ ನಾಲ್ವರು: ಬುದ್ಧ, ಕನ್ಫ್ಯೂಶಿಯಸ್, ಸಾಕ್ರೆಟಿಸ್, ಕಾಂಟ್. ನಾವು ಹೋದ ದಿನ ಬಾಗಿಲು ಮುಚ್ಚಿತ್ತು. ವರ್ಷದಲ್ಲಿ ಕೆಲವೇ ದಿನ ಒಳಗೆ ಬಿಡುತ್ತಾರೆ. ಹೊರಗಿನಿಂದ ನೋಡುತ್ತಾ ನಿಂತಾಗ ಹುಡುಗ ಕೇಳಿದ, "ಮೌಶಿ, ಬುದ್ಧನ್ನ ಇವ್ರ ಸಾಲಿನ್ಯಾಗ ಕೂಡ್ಸ್ಯಾರಲ್ಲ, ನಿಮಗ ಬ್ಯಾಸರ ಆಗಂಗಿಲ್ಲೇನು?"

ಬೇಸರವಾಗಲಿಲ್ಲ, ಖುಷಿಯೇ ಆಯಿತು. ಬುದ್ಧ ದೇವರಾಗಿ ಮೇಲೆ ಕೂತಿಲ್ಲ. ಯೋಚನೆ ಮಾಡಿದ ಮನುಷ್ಯನಾಗಿ, ಯೋಚನೆ ಮಾಡಿದ ಬೇರೆ ಮನುಷ್ಯರ ಜೊತೆ ಕೂತಿದ್ದಾನೆ. ಬಾಬಾಸಾಹೇಬರು ತೋರಿಸಿದ ಬುದ್ಧನೂ ಇಂಥವನೇ: ನಾನು ಮೋಕ್ಷ ಕೊಡುವವನಲ್ಲ, ದಾರಿ ತೋರಿಸುವವನು ಎಂದವನು. ನಮ್ಮಲ್ಲಿ ಬಾಬಾಸಾಹೇಬರ ಫೋಟೊ ಮುಂದೆ ತೆಂಗಿನಕಾಯಿ ಒಡೆಯಬೇಕೋ ಬೇಡವೋ ಎಂದು ಪ್ರತಿ ಏಪ್ರಿಲ್ ತಿಂಗಳು ಜಗಳ ಆಗುತ್ತದೆ. ಒಡೆಯಬಾರದು ಎನ್ನುವವರ ಪಾರ್ಟಿ ನನ್ನದು. ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಇಷ್ಟೆಲ್ಲ ವಿಚಾರ ಮಾಡಿದ ಇನೊವೆ ಅವರಿಗೂ ಕೈ ಮುಗಿಯದೆ ಇರಲು ಆಗಲಿಲ್ಲ. ಅನಂತವಾದ ಪರಮಸತ್ಯಕ್ಕೆ ನಮನ ಎಂಬ ಅರ್ಥದ ಒಂದು ಜಪವಾಕ್ಯವನ್ನು ತಾವೇ ಕಟ್ಟಿ ಜನರಿಗೆ ಕಲಿಸಿದರು. ಮನುಷ್ಯನ ಕೈ ಸುಮ್ಮನೆ ಇರುವುದಿಲ್ಲ, ಏನಾದರೂ ಕಂಡರೆ ಜೋಡಿಸಿಕೊಳ್ಳುತ್ತದೆ. ತೆಂಗಿನಕಾಯಿಯವರ ಮೇಲೆ ನನಗಿದ್ದ ಸಿಟ್ಟು ಅಲ್ಲಿ ಸ್ವಲ್ಪ ಇಳಿಯಿತು. ಪೂರ್ತಿ ಇಳಿದಿಲ್ಲ.

ಇನ್ನೊಂದು ಕಡೆ ಕೆಂಪು ಬಣ್ಣದ, ಆರು ಮೂಲೆಯ ಗೋಪುರವಿದೆ. ಪೂರ್ವ ದೇಶಗಳ ಆರು ಜ್ಞಾನಿಗಳಿಗೆ ಮೀಸಲು. ಜಪಾನಿನ ಇಬ್ಬರು, ಚೀನಾದ ಇಬ್ಬರು, ಭಾರತದ ಇಬ್ಬರು. ಭಾರತದವರು ಯಾರು ಗೊತ್ತೇ? ನಾಗಾರ್ಜುನ ಮತ್ತು ಕಪಿಲ. ಕಪಿಲನ ಹೆಸರು ಕೇಳಿ ನಾನು ಬೆಚ್ಚಿಬಿದ್ದೆ. 'ಬುದ್ಧ ಮತ್ತು ಆತನ ಧಮ್ಮ' ಓದಿದವರಿಗೆ ನೆನಪಿರಬೇಕು. ಸಿದ್ಧಾರ್ಥ ಬೋಧಿ ಪಡೆಯುವ ಮೊದಲಿನ ತತ್ವಜ್ಞಾನಿಗಳಲ್ಲಿ ಬಾಬಾಸಾಹೇಬರು ಎತ್ತಿ ಹಿಡಿಯುವುದು ಕಪಿಲನನ್ನು. ಸತ್ಯಕ್ಕೆ ಪ್ರಮಾಣ ಬೇಕು, ಜಗತ್ತನ್ನು ಒಬ್ಬ ಸೃಷ್ಟಿಕರ್ತ ಮಾಡಿದ ಎನ್ನುವುದಕ್ಕೆ ಆಧಾರವಿಲ್ಲ, ಲೋಕದಲ್ಲಿ ದುಃಖವಿದೆ. ಈ ಮಾತುಗಳನ್ನು ಬುದ್ಧ ಕಪಿಲನಿಂದ ಉಳಿಸಿಕೊಂಡ ಎಂದು ಅವರು ಬರೆಯುತ್ತಾರೆ. ಉಳಿದದ್ದನ್ನು ಬಿಟ್ಟ. ಇನೊವೆ ಅವರಿಗೆ ಬಾಬಾಸಾಹೇಬರು ಗೊತ್ತಿರಲು ಸಾಧ್ಯವಿಲ್ಲ, ಬಾಬಾಸಾಹೇಬರು ಈ ಗೋಪುರ ಕಂಡವರಲ್ಲ. ಪ್ರಮಾಣ ಕೇಳುವವರು ಎಲ್ಲಿ ಹುಡುಕಿದರೂ ಅದೇ ನಾಲ್ಕು ಜನ ಸಿಗುತ್ತಾರೇನೋ. ನಾಗಾರ್ಜುನನ ವಿಷಯದಲ್ಲಿ ಇನ್ನೊಂದು ನೆನಪು. ನಾಗಪುರದಲ್ಲಿ ಸುಮಾರು ಅರ್ಧ ಶತಮಾನ ನಮ್ಮ ಜನರ ನಡುವೆ ದುಡಿದ ಜಪಾನಿನ ಭಂತೆ ಸುರೈ ಸಸಾಯಿ, ಕನಸಿನಲ್ಲಿ ನಾಗಾರ್ಜುನ ಬಂದು ನಾಗಪುರಕ್ಕೆ ಹೋಗು ಎಂದ ಎಂದು ಹೇಳುತ್ತಾರೆ. ಕನಸು ಪ್ರಮಾಣವಲ್ಲ ಎಂದು ಕಪಿಲ ಪಕ್ಕದಲ್ಲಿ ಕೂತು ತಕರಾರು ತೆಗೆಯುತ್ತಿರಬಹುದು.

ಇನ್ನು ಆ ಬಾಗಿಲು. ಭವನಗಳ ಅಂಗಳಕ್ಕೆ ಹೋಗುವ ಮುಖ್ಯದ್ವಾರ ಅದು. ಜಪಾನಿನ ದೇವಾಲಯಗಳ ಬಾಗಿಲಲ್ಲಿ ಎರಡು ಕಡೆ ದ್ವಾರಪಾಲಕರು ಇರುತ್ತಾರೆ, ಕಟ್ಟುಮಸ್ತಾದ ಮೈ, ಕೆಂಡದಂಥ ಕಣ್ಣು. ಇನೊವೆ ಅವರನ್ನು ತೆಗೆದು ಒಂದು ಕಡೆ ತೆಂಗು ಎಂಬ ಉದ್ದ ಮೂಗಿನ ಕಾಡುಭೂತ, ಇನ್ನೊಂದು ಕಡೆ ಕೂದಲು ಇಳಿಬಿಟ್ಟ ಹೆಣ್ಣು ದೆವ್ವ ಇಟ್ಟರು. ಆ ಜಾಗದಲ್ಲಿ ಜನ ಹೆದರುತ್ತಿದ್ದ ಎರಡು ಮರಗಳಿದ್ದವಂತೆ, ಒಂದು ಭೂತದ ಪೈನು, ಒಂದು ದೆವ್ವದ ಪ್ಲಮ್ಮು. ಅದರಿಂದ ಹೊಳೆದ ಯೋಚನೆ. ಭೂತ ಎಂದರೆ ವಸ್ತುಲೋಕ, ದೆವ್ವ ಎಂದರೆ ಮನೋಲೋಕ ಎಂದು ಅವರ ವಿವರಣೆ. "ಮೌಶಿ, ಇಲ್ಲಿ ದೆವ್ವ ಅದ ನೋಡ್ರಿ" ಎಂದು ಹುಡುಗ ನಕ್ಕು ಫೋಟೊ ತೆಗೆದ.

ತಮಾಷೆ ಏನೆಂದರೆ, ಆ ಕಾಲದ ಜಪಾನಿನಲ್ಲಿ ದೆವ್ವ ಬಿಡಿಸಿದವರಲ್ಲಿ ಇವರೇ ಮೊದಲಿಗರು. ಬಿಡಿಸಿದ್ದು ಎಂದರೆ ಮಂತ್ರ ಹಾಕಿ ಅಲ್ಲ, ಕಾರಣ ಹುಡುಕಿ. ಜನ ಅವರನ್ನು ದೆವ್ವದ ಡಾಕ್ಟರು ಎಂದೇ ಕರೆಯುತ್ತಿದ್ದರು. 1880ರ ದಶಕದಲ್ಲಿ ಕೊಕ್ಕುರಿ ಎಂಬ ಹುಚ್ಚು ಹಬ್ಬಿತ್ತು. ಮೂರು ಬಿದಿರು ಕಡ್ಡಿ ಕಟ್ಟಿ, ಮೇಲೆ ಮುಚ್ಚಳ ಇಟ್ಟು, ಸುತ್ತ ಕೂತವರು ಬೆರಳು ತಾಗಿಸುತ್ತಾರೆ. ಪ್ರಶ್ನೆ ಕೇಳಿದರೆ ಅದು ವಾಲುತ್ತದೆ. ನರಿ ಮೈಮೇಲೆ ಬಂದಿದೆ ಎಂದು ಜನ ನಂಬಿದರು. ಇನೊವೆ ಊರೂರಿಂದ ವರದಿ ತರಿಸಿಕೊಂಡು ನೋಡಿದರು. ಅಮೆರಿಕದವರ ಮೇಜು ತಿರುಗಿಸುವ ಆಟ ಹಡಗಿನವರ ಮೂಲಕ ಶಿಮೊದಾ ಎಂಬ ಬಂದರಿಗೆ ಬಂದು ಅಲ್ಲಿಂದ ಹರಡಿತ್ತು. ವಾಲಿಸುವುದು ನರಿ ಅಲ್ಲ, ಕೂತವರ ಬೆರಳೇ. ಅವರಿಗೇ ಗೊತ್ತಾಗದಂತೆ ಮನಸ್ಸಿನ ನಿರೀಕ್ಷೆ ಕೈಯನ್ನು ಅಲ್ಲಾಡಿಸುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಹುಡುಗ ನಗುತ್ತಿದ್ದ, ನನಗೆ ನಗು ಬರಲಿಲ್ಲ. ಆ ದೆವ್ವ ಹೆಣ್ಣಾಗಿತ್ತು. ನಾಲ್ವರು ಮಹಾತ್ಮರಲ್ಲಿ ಹೆಣ್ಣಿಲ್ಲ, ಆರು ಜ್ಞಾನಿಗಳಲ್ಲಿ ಇಲ್ಲ. ಥೇರಿಯರ ನೆನಪು ಯಾರಿಗೂ ಆಗಲಿಲ್ಲ. ಆ ಇಡೀ ಉದ್ಯಾನದ ತತ್ವಶಾಸ್ತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಒಬ್ಬಳೇ ಹೆಣ್ಣು ಬಾಗಿಲಲ್ಲಿ ನಿಂತ ದೆವ್ವ. ನನಗೆ ನಮ್ಮ ಓಣಿಯ ಮುದುಕಿ ನೆನಪಾದಳು.

ಇದನ್ನು ಗುಂಪಿನಲ್ಲಿ ಯಾವತ್ತೂ ಹೇಳಿಲ್ಲ. 16 ವರ್ಷದ ಹಿಂದಿನ ಮಾತು, ನಾನು ನೌಕರಿ ಸೇರಿ ಹೆಚ್ಚು ದಿನ ಆಗಿರಲಿಲ್ಲ. ನಮ್ಮ ಜೊತೆಯಲ್ಲೇ ದೀಕ್ಷೆ ತಗೊಂಡ ಒಂದು ಮನೆ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ಎಂಟನೇ ತರಗತಿ ಓದುವ ಮಗಳು ಕೈಕಾಲು ಸೆಟೆದು ಬೀಳತೊಡಗಿದಳು. ಮೂರನೇ ಸಲ ಬಿದ್ದಾಗ ಬಾನಾಮತಿ ಎಂದರು. ಮಾಡಿಸಿದವರು ಯಾರು ಎಂದರೆ ಓಣಿಯ ಕೊನೆಯ ಮನೆಯ ವಿಧವೆ. ಒಬ್ಬಂಟಿ, ಮಕ್ಕಳಿಲ್ಲ, ಬಾಯಿ ಜೋರು. ಅಷ್ಟೇ ಸಾಕ್ಷಿ. ಬಿಡಿಸುವವನನ್ನು ಕರೆಸಲು ಮನೆಮನೆಗೆ ಪಟ್ಟಿ ಎತ್ತಿದರು. ನಾನು 50 ರೂಪಾಯಿ ಕೊಟ್ಟೆ.

ನಾನು ನಂಬಿರಲಿಲ್ಲ. 22 ಪ್ರತಿಜ್ಞೆ ಬಾಯಿಪಾಠ ಮಾಡಿಸುತ್ತಿದ್ದವಳೇ ನಾನು. 50 ರೂಪಾಯಿಗೆ ನೆರೆಹೊರೆಯವರ ಜೊತೆ ಯಾಕೆ ಕೆಡಿಸಿಕೊಳ್ಳಬೇಕು ಎಂದುಕೊಂಡೆ. ಸಂಜೆ ಆ ಮುದುಕಿಯನ್ನು ಕಟ್ಟೆಗೆ ಎಳೆತಂದರು. ಹಲ್ಲು ಕೀಳಬೇಕು, ಆಗ ಮಂತ್ರ ಸಾಯುತ್ತದೆ ಎಂದು ಯಾರೋ ಕೂಗಿದರು. ಕೀಳಲಿಲ್ಲ, ಆದರೆ ಕೂದಲು ಹಿಡಿದು ಎಳೆದಾಡಿದರು. ನಾನು ಮನೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಸದ್ದು ಕೇಳಿಸುತ್ತಿತ್ತು. ಅವಳು ಆ ರಾತ್ರಿಯೇ ಅಣ್ಣನ ಊರಿಗೆ ಹೋದಳು, ತಿರುಗಿ ಬರಲಿಲ್ಲ. ಹುಡುಗಿಯನ್ನು ಕೆಲವು ತಿಂಗಳ ಮೇಲೆ ದವಾಖಾನೆಗೆ ಒಯ್ದರು. ಮೂರ್ಛೆರೋಗ ಎಂದು ಗುಳಿಗೆ ಕೊಟ್ಟರು. ಈಗ ಅವಳಿಗೆ ಎರಡು ಮಕ್ಕಳು, ಚೆನ್ನಾಗಿದ್ದಾಳೆ.

ಆ ಬಾಗಿಲ ಮುಂದೆ ನಿಂತು ನನಗೆ ಬಂದ ಪ್ರಶ್ನೆ ಇದು. ನಂಬದೆ ಇರುವುದು ಮತ್ತು ಬಿಡುವುದು ಒಂದೇನಾ? ತಲೆಯೊಳಗೆ ದೆವ್ವವಿಲ್ಲ ಎಂದು ಖಚಿತವಾಗಿ ಗೊತ್ತಿದ್ದವಳು ದೆವ್ವದ ಪಟ್ಟಿಗೆ ದುಡ್ಡು ಕೊಟ್ಟಳು. ಹುಡುಗಿಯ ತಾಯಿ ನಂಬಿ ಕೊಟ್ಟಳು, ನಾನು ನಂಬದೆ ಕೊಟ್ಟೆ. ಇಬ್ಬರಲ್ಲಿ ಯಾರ ತಪ್ಪು ದೊಡ್ಡದು? ಚೇತನಾವೇ ಕಮ್ಮ, ಮನಸ್ಸಿನ ಉದ್ದೇಶವೇ ಕರ್ಮ ಎಂದು ಓದುತ್ತೇವೆ. ನನ್ನ ಉದ್ದೇಶ ಕೆಟ್ಟದ್ದಾಗಿರಲಿಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದ್ದೇನೆ. ಆದರೆ ನೆಮ್ಮದಿಯಾಗಿ ಇರಬೇಕು ಎನ್ನುವುದೂ ಒಂದು ಉದ್ದೇಶವೇ, ಮತ್ತು ಅವತ್ತು ಅದರ ಬೆಲೆ ಕೊಟ್ಟವಳು ನಾನಲ್ಲ.

ಇನೊವೆ ಅವರ ಜೀವನವನ್ನೂ ನಾನು ಈ ಕಣ್ಣಿನಿಂದಲೇ ನೋಡತೊಡಗಿದೆ. ನರಿಯ ದೆವ್ವ ಬಿಡಿಸಿದ ಮನುಷ್ಯ ಸಿಂಹಾಸನದ ಮುಂದೆ ಏನು ಮಾಡಿದರು? 1890ರಲ್ಲಿ ಚಕ್ರವರ್ತಿಯ ಹೆಸರಿನಲ್ಲಿ ಒಂದು ಶಿಕ್ಷಣದ ಆಜ್ಞೆ ಹೊರಟಿತು. ದೊರೆಗೆ ನಿಷ್ಠೆ, ಹಿರಿಯರಿಗೆ ವಿಧೇಯತೆ. ಶಾಲೆಗಳಲ್ಲಿ ಮಕ್ಕಳು ತಲೆಬಾಗಿ ಕೇಳಬೇಕಿತ್ತು. ಇನೊವೆ ಊರೂರು ಸುತ್ತಿ ಮಾಡಿದ ಭಾಷಣಗಳಲ್ಲಿ ಈ ಆಜ್ಞೆಯ ಪ್ರಚಾರವೂ ಒಂದು ಮುಖ್ಯ ಉದ್ದೇಶ. ಚಕ್ರವರ್ತಿಯ ವಂಶ ದೇವತೆಯಿಂದ ಬಂದದ್ದು ಎಂಬ ಕತೆಗೆ ಅವರು ಬಿದಿರುಕಡ್ಡಿಯ ಪರೀಕ್ಷೆ ಮಾಡಲಿಲ್ಲ. ಕಾಲ ಹಾಗಿತ್ತು, ಒಪ್ಪುತ್ತೇನೆ. ನಮ್ಮ ಓಣಿಯ ಕಾಲವೂ ಹಾಗೇ ಇತ್ತು.

ಜಪಾನಿನಲ್ಲೂ ಮುಟ್ಟಿಸಿಕೊಳ್ಳದ ಜನ ಇದ್ದರು ಎಂದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಚರ್ಮ ಹದ ಮಾಡುವವರು, ಸತ್ತ ದನ ಎತ್ತುವವರು. ಈಗ ಬುರಾಕು ಜನ ಎನ್ನುತ್ತಾರೆ. 1871ರಲ್ಲಿ ಸರ್ಕಾರ ಆ ಹೀನ ಹೆಸರುಗಳನ್ನು ಕಾಗದದ ಮೇಲೆ ರದ್ದು ಮಾಡಿತು. ಅವರೂ ಬೌದ್ಧರೇ. ಸತ್ತವರಿಗೆ ಅಲ್ಲಿಯ ಪುರೋಹಿತರು ಒಂದು ಧರ್ಮದ ಹೆಸರು ಇಟ್ಟು ಗೋರಿಯ ಕಲ್ಲಿನ ಮೇಲೆ ಕೆತ್ತಿಸುತ್ತಾರೆ. ಈ ಜನರ ಕಲ್ಲುಗಳ ಮೇಲೆ ಎಷ್ಟೋ ಕಡೆ ಪಶು ಎಂಬ ಅರ್ಥದ ಅಕ್ಷರ ಸೇರಿಸಿ ಕೆತ್ತಿಸಿದ್ದರು. ಕೆತ್ತಿಸಿದವರು ಬುದ್ಧನ ಹೆಸರು ಹೇಳುವ ಪುರೋಹಿತರು. 1922ರ ಮಾರ್ಚ್ 3ರಂದು ಕ್ಯೋಟೊದಲ್ಲಿ ಈ ಜನ ಸೇರಿ ಸುಯ್‌ಹೈಶಾ ಎಂಬ ಸಂಘಟನೆ ಕಟ್ಟಿದರು. ಸಮತಲ ಸಮಾಜ ಎಂದು ಹೇಳಬಹುದು. ಅದರ ಘೋಷಣಾಪತ್ರ ಬರೆದ ಸೈಕೊ ಮಾಂಕಿಚಿ ಕೂಡ ಬೌದ್ಧ ದೇವಾಲಯದ ಮನೆಯ ಮಗ. ಐದು ವರ್ಷದ ಮೇಲೆ ನಮ್ಮಲ್ಲಿ ಮಹಾಡ್ ಕೆರೆ. ದೀಕ್ಷೆ ತಗೊಂಡ ಕೂಡಲೇ ಎಲ್ಲ ಮುಗಿಯಿತು ಎಂದುಕೊಳ್ಳುವ ನಮ್ಮ ಹುಡುಗರಿಗೆ ಆ ಗೋರಿಗಳ ಕತೆ ಹೇಳಬೇಕು. ಸಾವಿರಕ್ಕೂ ಹೆಚ್ಚು ವರ್ಷ ಬುದ್ಧನ ದೇಶವಾಗಿದ್ದೂ ಅಲ್ಲಿ ಕಲ್ಲಿನ ಮೇಲೆ ಪಶು ಎಂದು ಬರೆದರು.

ನದಿ ದಾಟಿದರೆ ಆಚೆ ಕಂಚಿನ ಪ್ರತಿಮೆಗಳ ಒಂದು ವೃತ್ತ. ನಾಂದೊರ್ ವಾಗ್ನರ್ ಎಂಬ ಹಂಗೆರಿಯ ಶಿಲ್ಪಿ ಮಾಡಿದ್ದು. 1956ರಲ್ಲಿ, ನಾಗಪುರದ ದೀಕ್ಷೆ ನಡೆದ ಅದೇ ವರ್ಷ, ಹಂಗೆರಿಯ ಬಂಡಾಯ ತುಳಿದುಹಾಕಿದ ಮೇಲೆ ದೇಶ ಬಿಟ್ಟವರು, ಕೊನೆಗೆ ಜಪಾನಿನಲ್ಲಿ ನೆಲೆಸಿದರು. 2009ರಲ್ಲಿ ಇಲ್ಲಿ ನಿಲ್ಲಿಸಿದರು. ಒಳವೃತ್ತದಲ್ಲಿ ಒಂದು ಗೋಳದ ಸುತ್ತ ಬುದ್ಧ, ಯೇಸು, ಲಾವೋತ್ಸೆ, ಅಬ್ರಹಾಂ, ಈಜಿಪ್ಟಿನ ಅಖೆನಾತೆನ್. ಅದರ ಹೊರಗೆ ಬೋಧಿಧರ್ಮ, ಸಂತ ಫ್ರಾನ್ಸಿಸ್, ಮತ್ತು ಗಾಂಧೀಜಿ. ಇನ್ನೊಂದು ಕಡೆ ಕಾನೂನು ಕೊಟ್ಟವರು: ಹಮ್ಮುರಾಬಿ, ಜಸ್ಟಿನಿಯನ್, ಜಪಾನಿನ ರಾಜಕುಮಾರ ಶೊತೊಕು.

ಹುಡುಗನ ಮುಖ ಗಂಟಾಯಿತು. "ಗಾಂಧಿ ಇದ್ದಾರ, ಬಾಬಾಸಾಹೇಬ್ರು ಎಲ್ಲಿ?" ಅರ್ಜಿ ಬರೆಯುತ್ತೇನೆ, ಇಲ್ಲಿಯ ನಮ್ಮವರ ಸಹಿ ಹಾಕಿಸುತ್ತೇನೆ ಎಂದ. ಕೊಯಾಸಾನ್‌ನಲ್ಲಿ 2015ರಿಂದ ಬಾಬಾಸಾಹೇಬರ ಪ್ರತಿಮೆ ಇದೆಯಲ್ಲ ಎಂದೆ. ಸಮಾಧಾನವಾಗಲಿಲ್ಲ. ನನಗೂ ಸಂಕಟವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಆದರೆ ನಾನು ನೋಡುತ್ತಿದ್ದದ್ದು ಕಾನೂನಿನವರ ಸಾಲನ್ನು. ಹಮ್ಮುರಾಬಿಯ ಕಾನೂನಿನಲ್ಲಿ ಕುಲೀನನ ಕಣ್ಣು ಕಿತ್ತವನ ಕಣ್ಣು ಕೀಳಬೇಕು. ಸಾಮಾನ್ಯನ ಕಣ್ಣು ಕಿತ್ತರೆ ತೂಕದ ಬೆಳ್ಳಿ ಕೊಟ್ಟರೆ ಸಾಕು. ಗುಲಾಮನ ಕಣ್ಣಾದರೆ ಅವನ ಅರ್ಧ ಬೆಲೆ, ಅದೂ ಒಡೆಯನಿಗೆ. ನಾವು ಇದನ್ನು ಬೇರೆ ಹೆಸರಿನಲ್ಲಿ ಓದಿದ್ದೇವೆ, 1927ರ ಡಿಸೆಂಬರ್ 25ರಂದು ಸುಟ್ಟಿದ್ದೇವೆ. ಶೊತೊಕು 604ರಲ್ಲಿ ಕೊಟ್ಟನೆಂದು ಹೇಳುವ ಶಾಸನಕ್ಕೆ 17 ಕಲಮು. ಎರಡನೆಯದು ಬುದ್ಧ, ಧಮ್ಮ, ಸಂಘವನ್ನು ಗೌರವಿಸಿರಿ ಎನ್ನುತ್ತದೆ. ಮೂರನೆಯದು ದೊರೆಯ ಅಪ್ಪಣೆ ಬಂದರೆ ತಲೆಬಾಗಿರಿ ಎನ್ನುತ್ತದೆ. ತ್ರಿಸರಣದ ಬೆನ್ನಿಗೇ ವಿಧೇಯತೆ. ನಮ್ಮ ಸಂವಿಧಾನದ 17ನೇ ಕಲಮು ಏನು ಹೇಳುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಸಂಖ್ಯೆ ಕಾಕತಾಳೀಯ, ಅದಕ್ಕೆ ಯಾರೂ ಪವಾಡ ಕಟ್ಟಬೇಡಿ. ಆದರೆ ಬಾಬಾಸಾಹೇಬರನ್ನು ಅಲ್ಲಿ ನಿಲ್ಲಿಸುವುದೇ ಆದರೆ ಗಾಂಧೀಜಿಯ ಪಕ್ಕದಲ್ಲಿ ಅಲ್ಲ, ಈ ಸಾಲಿನಲ್ಲಿ, ಹಮ್ಮುರಾಬಿಗೆ ಎದುರಾಗಿ ನಿಲ್ಲಿಸಬೇಕು ಎಂದು ಹುಡುಗನಿಗೆ ಹೇಳಿದೆ. ಅವನು ಅದನ್ನು ಮೊಬೈಲಿನಲ್ಲಿ ಬರೆದುಕೊಂಡ.

ವಾಪಸ್ ಹೋಗುವಾಗ ಭೌತವಾದದ ತೋಟದಲ್ಲಿ ಕಲ್ಲಿನ ಒಂದು ಪ್ರಾಣಿ ಕಂಡೆವು. ತನುಕಿ ಎನ್ನುತ್ತಾರೆ, ನರಿಯಷ್ಟು ದೊಡ್ಡದು, ಜನರಿಗೆ ಮೋಸ ಮಾಡುತ್ತದೆ ಎಂದು ಅಲ್ಲಿಯ ಕತೆಗಳು. ಅದರ ಹೊಟ್ಟೆ ಕೊರೆದು ದೀಪ ಇಡುವ ಗೂಡು ಮಾಡಿದ್ದಾರೆ. ಮೋಸದ ಮನಸ್ಸಿನೊಳಗೂ ಬೆಳಕಿಗೆ ಜಾಗ ಇದೆ ಎಂದು ಅರ್ಥವಂತೆ. ಹಗಲಾದ್ದರಿಂದ ಗೂಡು ಖಾಲಿ ಇತ್ತು. ಒಂದಿಷ್ಟು ಒಣ ಎಲೆ.

ಊರಿಗೆ ಬಂದ ಮೇಲೆ ಆ ಮುದುಕಿಯ ಅಣ್ಣನ ಊರಿನವರನ್ನು ವಿಚಾರಿಸಿದೆ. ತೀರಿಕೊಂಡು ಮೂರು ವರ್ಷ ಆಯಿತಂತೆ. ಆ ಹುಡುಗಿಗೆ, ಈಗ ಎರಡು ಮಕ್ಕಳ ತಾಯಿಗೆ, ಫೋನ್ ಮಾಡಿ ಹೇಳಿದೆ. ಅವಳಿಗೆ ಆ ಸಂಜೆಯದು ಏನೂ ನೆನಪಿಲ್ಲ. "ನನ್ನ ಸಲುವಾಗಿ ಹಂಗ ಮಾಡಿದ್ರೇನ್ರಿ ಟೀಚರ್?" ಎಂದು ಕೇಳಿ ಬಹಳ ಹೊತ್ತು ಸುಮ್ಮನಿದ್ದಳು.

ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ವಿಹಾರದಲ್ಲಿ ಕಪಿಲನ ಭಾಗ ಓದುತ್ತೇವೆ. ಪುಸ್ತಕ ಇದ್ದವರು ತನ್ನಿ. ಅವಳೂ ಬರುತ್ತೇನೆ ಎಂದಿದ್ದಾಳೆ. ಆ ಕಟ್ಟೆಯ ಹತ್ತಿರ ಅವತ್ತು ಇದ್ದವರು ನಮ್ಮ ಗುಂಪಿನಲ್ಲಿ ಇನ್ನೂ ಕೆಲವರಿದ್ದೀರಿ. ನೀವೂ ಬನ್ನಿ.

ಜೈಭೀಮ್.